ಚಾಪೆಲ್ ಮಾದರಿಗೆ ಯಂತ್ರ ಕೂರಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದಡಕ್ಕೇರಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪೆಲ್ ಕ್ಷಿಪಣಿ ನೌಕೆಯನ್ನು 1:50 ಅಳತೆಯಲ್ಲಿ ಕಟ್ಟಿ ರೇಡಿಯೊ ನಿಯಂತ್ರಣದಲ್ಲಿ ಓಡಿಸಬೇಕೆನ್ನುವವರಿಗೆ ಈ ಸೂಚನೆ. ಬಣ್ಣ, ಬಾವುಟದ ಮಾತು ಇಲ್ಲಿಲ್ಲ. ಅಲುಗುವ ಭಾಗಗಳದ್ದು ಮಾತ್ರ.

ಮೊದಲು ತೂಕದ ಲೆಕ್ಕ ಹಾಕಿ. ಅಸಲು ನೌಕೆ 38.6 ಮೀಟರ್ ಉದ್ದ, ಮಾದರಿ 77 ಸೆಂ.ಮೀ. ತೂಕ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. 50ರ ಘನದಿಂದ ಭಾಗಿಸಬೇಕು. ಪೂರ್ಣ ಭಾರದ ಸುಮಾರು 245 ಟನ್ ಇಲ್ಲಿ ಎರಡು ಕಿಲೋಗೂ ಒಂದಿಷ್ಟು ಕಡಿಮೆ. ಒಡಲು, ಬ್ಯಾಟರಿ, ಮೋಟಾರು ಎಲ್ಲ ಅದರೊಳಗೇ ಮುಗಿಯಬೇಕು. ಡೆಕ್ಕಿನ ಮೇಲೆ ಒಂದೂ ಸರ್ವೊ ಇಡಬೇಡಿ. ಸರ್ವೊ, ಗೇರು ತಳದ ಹತ್ತಿರ ಇರಲಿ. ಮೇಲಕ್ಕೆ ಹೋಗುವುದು ಕಡ್ಡಿ, ದಾರ, ಕೊಳವೆ ಮಾತ್ರ. ನೀರಿಗೆ ತೀರಾ ಹತ್ತಿರದ ಡೆಕ್ಕು, ಅದರ ಮೇಲೆ ತಿರುಗುವ ಟರೆಟ್ಟು, ಸಾಲದ್ದಕ್ಕೆ ಎತ್ತರದ ಪಟಸ್ತಂಭಗಳು ಎಂದು ಹೊರಟ ಬ್ರಿಟನ್ನಿನ ಎಚ್‌ಎಂಎಸ್ ಕ್ಯಾಪ್ಟನ್ 1870ರಲ್ಲಿ ಮಗುಚಿತು; ಅದನ್ನು ರೂಪಿಸಿದ ಕೌಪರ್ ಕೋಲ್ಸ್ ಕೂಡ ಅದರಲ್ಲೇ ಇದ್ದ, ಉಳಿಯಲಿಲ್ಲ. ನಿಮ್ಮ ಮಾದರಿಯನ್ನು ತೊಟ್ಟಿಯಲ್ಲಿ 45 ಡಿಗ್ರಿ ವಾಲಿಸಿ ಕೈ ಬಿಡಿ. ತಾನಾಗಿ ಎದ್ದು ನಿಲ್ಲದಿದ್ದರೆ ಕೆರೆಗೆ ಒಯ್ಯಬೇಡಿ.

ಅಸಲಿನಲ್ಲಿ ಅಲುಗದ್ದನ್ನು ಮಾದರಿಯಲ್ಲಿ ಅಲುಗಿಸಬೇಡಿ. ನಾಲ್ಕು ಕ್ಷಿಪಣಿ ಕೊಳವೆಗಳು ಡೆಕ್ಕಿಗೆ ಬಿಗಿದವು. ಅವು ಅತ್ತಿತ್ತ ತಿರುಗುವುದಿಲ್ಲ, ಮುಂದಿನ ಮುಚ್ಚಳ ಮಾತ್ರ ತೆರೆಯುತ್ತದೆ. ಗುರಿ ಹುಡುಕುವ ರೇಡಾರ್ ಸುತ್ತಲಿ, ಆದರೆ ನಿಧಾನವಾಗಿ. ನಾಲ್ಕೈದು ಸೆಕೆಂಡಿಗೊಂದು ಸುತ್ತು ಸಾಕು. ಫ್ಯಾನಿನಂತೆ ಗಿರಗಿರನೆ ಸುತ್ತುವ ರೇಡಾರ್ ಕಂಡರೆ ಉಳಿದ ಕೆಲಸದ ಮೇಲೂ ನಂಬಿಕೆ ಹೋಗುತ್ತದೆ. ಡ್ರಮ್ ಟಿಲ್ಟ್ ಎಂದು ಕರೆಯುವ ಇನ್ನೊಂದು ರೇಡಾರ್ ಫಿರಂಗಿಗೆ ಗುರಿ ತೋರುವಂಥದ್ದು. ಅದನ್ನು ಸುಮ್ಮನೆ ಸುತ್ತಿಸಬಾರದು, ಟರೆಟ್ಟಿನ ಚಾನೆಲ್ಲಿಗೇ ಜೋಡಿಸಿ. ಎರಡೂ ಒಂದೇ ಕಡೆ ನೋಡಲಿ.

ಟರೆಟ್ಟಿಗೆ ಅವಸರ ಮಾಡಬೇಡಿ. ಮುಂದೊಂದು ಹಿಂದೊಂದು ಎಕೆ-230, ಒಂದೊಂದರಲ್ಲೂ ಎರಡು 30 ಮಿ.ಮೀ. ನಳಿಗೆ. ಒಂದರೊಳಗೊಂದು ಸರಾಗವಾಗಿ ಕೂರುವ ಎರಡು ಹಿತ್ತಾಳೆ ಕೊಳವೆ ತನ್ನಿ. ಹೊರಗಿನದನ್ನು ಡೆಕ್ಕಿಗೆ ಅಂಟಿಸಿ, ಒಳಗಿನದನ್ನು ಟರೆಟ್ಟಿಗೆ ಅಂಟಿಸಿ, ತಿರುಗುವುದು ಅದು. ಅದರ ನಡುವೆ ಸ್ಪ್ರಿಂಗ್ ಸ್ಟೀಲಿನ ಕಡ್ಡಿಯೊಂದು ಮೇಲೆ ಕೆಳಗೆ ಸರಿಯಬೇಕು. ನಳಿಗೆಗಳ ಕೀಲನ್ನು ಟರೆಟ್ಟಿನ ಅಕ್ಷದಿಂದ ತುಸು ಹಿಂದಕ್ಕೆ ಇಟ್ಟರೆ, ಕಡ್ಡಿ ಕೀಲಿನ ಮುಂದೆ ತಾಗಿ ನಳಿಗೆಯನ್ನು ಎತ್ತುತ್ತದೆ. ಕಡ್ಡಿಯ ತುದಿ ಉರುಟಾಗಿರಲಿ. ಅದನ್ನು ನಳಿಗೆಗೆ ಕೊಕ್ಕೆ ಹಾಕಿ ಕಟ್ಟಬೇಡಿ. ಕಟ್ಟಿದರೆ ಟರೆಟ್ ತಿರುಗಿದಾಗ ಕಡ್ಡಿ ತಿರುಚಿಕೊಳ್ಳುತ್ತದೆ. ಇಳಿಸುವ ಕೆಲಸ ನಳಿಗೆಯ ತೂಕದ್ದು. ಅದಕ್ಕೇ ಪ್ಲಾಸ್ಟಿಕ್ಕು ಬೇಡ, ಹಿತ್ತಾಳೆಯೇ ಬೇಕು. ಮುಂದಿನ ನಳಿಗೆ ಹಿಂದೆ ತಿರುಗಿ ತನ್ನದೇ ನೌಕೆಯ ಚಾಲನಾ ಕೋಣೆಗೆ ಗುರಿಯಿಡದಂತೆ ಮಿತಿ ಹಾಕಿ, ಅದೂ ಟ್ರಾನ್ಸ್‌ಮಿಟರಿನಲ್ಲೇ. ಮೊಳೆಯೊಂದನ್ನು ಅಡ್ಡ ನಿಲ್ಲಿಸಿ ತಡೆಯುವುದು ಕೂಡದು; ತಡೆದಲ್ಲೇ ಒತ್ತುತ್ತ ಒತ್ತುತ್ತ ಸರ್ವೊ ಸುಟ್ಟುಹೋಗುತ್ತದೆ. ಸರ್ವೊ ವೇಗ ಇಳಿಸುವ ಸೌಲಭ್ಯ ಟ್ರಾನ್ಸ್‌ಮಿಟರಿನಲ್ಲಿದ್ದರೆ ಅದನ್ನೂ ಬಳಸಿ.

ವಿದ್ಯುತ್ತಿನಲ್ಲಿ ಕೈಚಳಕ ತೋರಬೇಡಿ. ಬ್ರಶ್ ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಲೇಬೇಕು. ಇಲ್ಲದಿದ್ದರೆ ಮೋಟಾರು ಓಡಿದಾಗಲೆಲ್ಲ ಟರೆಟ್ಟು ನಡುಗಬಹುದು. ಎರಡು ವೇಗನಿಯಂತ್ರಕ ಇದ್ದರೆ ಒಂದರ ಕೆಂಪು ತಂತಿಯನ್ನು ರಿಸೀವರಿಗೆ ಕೊಡಬೇಡಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಲಿ. ಲಿಪೊ ಸೆಲ್ 3.3 ವೋಲ್ಟಿಗೆ ಇಳಿಯಿತೆಂದರೆ ಆಟ ಮುಗಿಸಿ ದಡಕ್ಕೆ ತನ್ನಿ. 2.4 ಗಿಗಾಹರ್ಟ್ಸ್ ಅಲೆ ನೀರಿನಲ್ಲಿ ಸಾಗುವುದಿಲ್ಲ, ಆದ್ದರಿಂದ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು. ಸಿಗ್ನಲ್ ಕಡಿದರೆ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ. ಮೊದಲು ಮೇಜಿನ ಮೇಲೆ, ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿ.

ಅಸಲಿಗೆ ಮೂರು ಪ್ರೊಪೆಲರ್. ಮೂರೂ ಕಾಣಲಿ, ಮೋಟಾರು ಬದಿಯ ಎರಡಕ್ಕೆ ಸಾಕು. ಶಾಫ್ಟ್ ಕೊಳವೆಗೆ ಗ್ರೀಸ್ ತುಂಬದೆ ನೀರಿಗಿಳಿಸಬಾರದು.

ಮದ್ದು, ಪಟಾಕಿ, ಛರ್ರಾ ಯಾವುದೂ ಬೇಡ. ನಳಿಗೆಯಲ್ಲಿ ಹೊಳಪು ಬೇಕೆಂದರೆ ಎಲ್‌ಇಡಿ ಇದೆ. ಕ್ಷಿಪಣಿ ಕೊಳವೆಯಲ್ಲಿ ರಾಕೆಟ್ ಪಟಾಕಿ ಇಟ್ಟು ಹಾರಿಸುವ ಆಸೆ ಎಲ್ಲರಿಗೂ ಬರುತ್ತದೆ. ಒಳಗೆ ಲಿಪೊ ಬ್ಯಾಟರಿ, ದಡದಲ್ಲಿ ಮಕ್ಕಳು. ಇದರಲ್ಲಿ ವಿನಾಯಿತಿ ಇಲ್ಲ.

ಡೆಕ್ಕನ್ನು ಅಂಟಿಸಿ ಮುಚ್ಚಬಾರದು. ಪ್ರತಿ ಸರ್ವೊ ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂತಿರಬೇಕು. ಓಡಿಸುವಾಗ ಟ್ರಾನ್ಸ್‌ಮಿಟರ್ ಮೊದಲು ಆನ್, ಆಮೇಲೆ ನೌಕೆ. ಮುಗಿಸುವಾಗ ನೌಕೆ ಮೊದಲು ಆಫ್. ಅಸಲು ನೌಕೆ ಕಡಲಿನದಾದರೂ ಮಾದರಿಯನ್ನು ಉಪ್ಪುನೀರಿಗೆ ಇಳಿಸಬೇಡಿ. ಯಾರಾದರೂ ಇಳಿಸಿಬಿಟ್ಟರೆ ಅದೇ ದಿನ ಬ್ಯಾಟರಿ ತೆಗೆದು, ಸಿಹಿನೀರಿನಲ್ಲಿ ಶಾಫ್ಟು, ಚುಕ್ಕಾಣಿ ತೊಳೆದು, ಒಡಲು ತೆರೆದಿಟ್ಟು ಒಣಗಿಸಿ.