ಸಕ್ಕರೆ ಕಾಯಿಲೆಯಿರುವ ಗರ್ಭಿಣಿಗೆ ಬೆಳಗ್ಗಿನ ತಿಂಡಿ ಹೇಗಿರಬೇಕು?



ನಮ್ಮ ಗದ್ದೆ ತೋಟದ ಮನೆಗಳಲ್ಲಿ ಹೆಣ್ಣುಮಗಳು ಬಸುರಿಯಾದರೆ ಎಲ್ಲರಿಗೂ ಸಂತೋಷ. "ಈಗ ನೀನು ಒಬ್ಬಳಲ್ಲ, ಇಬ್ಬರ ಊಟ ಮಾಡಬೇಕು" ಎಂದು ಅತ್ತೆಯವರು ಪ್ರೀತಿಯಿಂದ ಒಂದು ಸೌಟು ಗಂಜಿ ಹೆಚ್ಚೇ ಬಡಿಸುತ್ತಾರೆ. ಆರನೆಯ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ "ಸಕ್ಕರೆ ಇದೆ" ಎಂದು ತಿಳಿದರೆ ಅದೇ ಮನೆ ಹೆದರಿಬಿಡುತ್ತದೆ. "ಬೆಳಗ್ಗೆ ಏನೂ ತಿನ್ನಬೇಡ, ಬರೀ ಚಾ ಕುಡಿ" ಎಂಬ ಸಲಹೆ ಬರುತ್ತದೆ. ಹೆಚ್ಚು ತಿನ್ನಿಸುವುದೂ ತಪ್ಪು, ಹಸಿವಿನಲ್ಲಿ ಇರಿಸುವುದೂ ತಪ್ಪು. ಹಾಗಾದರೆ ಬೆಳಗ್ಗೆ ಏನು ತಿನ್ನಬೇಕು?

ಕಾಯಿಲೆ ಬರುವುದು ಏಕೆ?

ನಾವು ತಿಂದ ಅಕ್ಕಿ, ಗೋಧಿ, ರಾಗಿ ಎಲ್ಲವೂ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆಯನ್ನು ಶರೀರದ ಜೀವಕೋಶಗಳ ಒಳಗೆ ಬಿಡುವುದು ಇನ್ಸುಲಿನ್. ತೋಡಿನಲ್ಲಿ ನೀರು ತುಂಬಿದ್ದರೂ ಕಂಡಿ ತೆರೆಯದಿದ್ದರೆ ಗದ್ದೆಗೆ ನೀರು ಹರಿಯದಷ್ಟೆ? ಹಾಗೆಯೇ ಇದು. ಗರ್ಭದಲ್ಲಿ ಬೆಳೆಯುವ ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಹೆಚ್ಚಿನ ತಾಯಂದಿರ ಶರೀರ ಇನ್ನಷ್ಟು ಇನ್ಸುಲಿನ್ ತಯಾರಿಸಿ ಸುಧಾರಿಸಿಕೊಳ್ಳುತ್ತದೆ. ಕೆಲವರಿಗೆ ಅದು ಸಾಧ್ಯವಾಗದೆ ರಕ್ತದಲ್ಲಿ ಸಕ್ಕರೆ ನಿಲ್ಲುತ್ತದೆ.

ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೂ ಹೋಗುತ್ತದೆ. ಮಗು ಅತಿಯಾಗಿ ದಪ್ಪವಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಕೂಡಲೇ ಮಗುವಿನ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಅಪಾಯವೂ ಆಗಬಹುದು. ಆದ್ದರಿಂದ ಇದನ್ನು "ಹೆರಿಗೆಯಾದ ಮೇಲೆ ಹೋಗುವ ಕಾಯಿಲೆ" ಎಂದು ಬಿಟ್ಟುಬಿಡಬಾರದು.

ಪರೀಕ್ಷೆಗೆ ಹಸಿದು ಹೋಗಬೇಕಾಗಿಲ್ಲ

ನಮ್ಮ ದೇಶದ ಸರಕಾರಿ ಕ್ರಮದಲ್ಲಿ 75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಕುಡಿಸಿ, 2 ಗಂಟೆಯ ಬಳಿಕ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿಯ ಸಕ್ಕರೆ ಕಾಯಿಲೆ ಎಂದು ತಿಳಿಯಬೇಕು. ಉಂಡಿದ್ದರೂ, ಹಸಿದಿದ್ದರೂ ಈ ಪರೀಕ್ಷೆ ಮಾಡಬಹುದು. ದೂರದಿಂದ ಬಸ್ಸು ಹಿಡಿದು ಬರುವ ಹಳ್ಳಿಯ ತಾಯಂದಿರಿಗೆ ಅನುಕೂಲವಾದ ಈ ವಿಧಾನಕ್ಕಾಗಿ ಬಹಳವಾಗಿ ದುಡಿದವರು ಚೆನ್ನೈಯ ಡಾ. ವಿ. ಶೇಷಯ್ಯ. ಮೊದಲ ತಪಾಸಣೆಯಲ್ಲೇ ಇದನ್ನು ಮಾಡಿಸಬೇಕು. ಆಗ ಸರಿಯಿದ್ದರೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಬೇಕು.

ಬೆಳಗ್ಗಿನ ಹೊತ್ತೇ ಏಕೆ ಮುಖ್ಯ?

ಬೆಳಗಿನ ಜಾವ ಶರೀರವನ್ನು ಎಚ್ಚರಗೊಳಿಸುವ ಕೆಲವು ಹಾರ್ಮೋನುಗಳು ಏರುತ್ತವೆ. ಅವೂ ಇನ್ಸುಲಿನ್ನಿಗೆ ಅಡ್ಡಿಯೇ. ಆದ್ದರಿಂದ ಮಧ್ಯಾಹ್ನ ತಿಂದರೆ ಅಷ್ಟಾಗಿ ಬಾಧಿಸದ ಅದೇ ಪ್ರಮಾಣದ ಅನ್ನ ಬೆಳಗ್ಗೆ ಸಕ್ಕರೆಯನ್ನು ಹೆಚ್ಚು ಏರಿಸುವುದುಂಟು. ಬೆಳಗ್ಗೆ ಹಿಟ್ಟಿನ ಅಂಶ ಕಡಿಮೆ, ಬೇಳೆ-ಕಾಳು, ಮೊಟ್ಟೆ, ಮೀನು, ತರಕಾರಿ ಹೆಚ್ಚು ಇರಬೇಕೆನ್ನುವುದು ಇದಕ್ಕಾಗಿಯೇ.

ಹಾಗೆಂದು ತಿಂಡಿಯನ್ನೇ ಬಿಡಬಾರದು. ಹಸಿದಾಗ ಪಿತ್ತಜನಕಾಂಗವೇ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಶರೀರ ಕೊಬ್ಬನ್ನು ಕರಗಿಸತೊಡಗುತ್ತದೆ. ಬಳಿಕ ಮಧ್ಯಾಹ್ನ ತಡೆಯಲಾರದ ಹಸಿವಿನಲ್ಲಿ ಎರಡು ಪಾಲು ಉಣ್ಣುವಂತಾಗುತ್ತದೆ.

ನಮ್ಮ ಅಡಿಗೆಮನೆಯಿಂದಲೇ

ಅಂಗಡಿಯಿಂದ ಬೆಲೆಬಾಳುವ ಡಬ್ಬಿ ತರಬೇಕಾಗಿಲ್ಲ. ನಮ್ಮ ತಿಂಡಿಗಳನ್ನೇ ಸ್ವಲ್ಪ ತಿದ್ದಿಕೊಂಡರೆ ಸಾಕು.

1. ಗಂಜಿ: ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿ ವಾಸಿ. ಆದರೆ ಬಟ್ಟಲು ತುಂಬ ಗಂಜಿಗೆ ಒಂದು ತುಂಡು ಉಪ್ಪಿನಕಾಯಿ ಸಾಲದು. ಗಂಜಿ ಅರ್ಧ ಬಟ್ಟಲಿಗೆ ಇಳಿಯಲಿ. ಅದರ ಜತೆ ಒಂದು ಬಟ್ಟಲು ಹೆಸರು ಅಥವಾ ಹುರುಳಿ ಪಲ್ಯ, ಇಲ್ಲವೇ ನಿನ್ನೆಯ ಬೂತಾಯಿ, ಬಂಗುಡೆ ಸಾರಿನ ಮೀನು ಇರಲಿ.

2. ನೀರುದೋಸೆ: ಇದು ಬರೀ ಬೆಳ್ತಿಗೆ ಅಕ್ಕಿಯದು, ಬೇಗ ಜೀರ್ಣವಾಗುತ್ತದೆ. ಐದಾರು ದೋಸೆಯ ಬದಲು ಎರಡು ಸಾಕು. ಬೆಲ್ಲ-ತೆಂಗಿನಕಾಯಿ ಬೇಡ. ಕಡಲೆ ಗಸಿ ಅಥವಾ ಮೊಟ್ಟೆ ಇರಲಿ. ಹೆಸರುಕಾಳು ನೆನೆಸಿ ಅರೆದು ಮಾಡಿದ ದೋಸೆ ಇನ್ನೂ ಉತ್ತಮ.

3. ಪುಟ್ಟು: ಬಾಳೆಹಣ್ಣು, ಸಕ್ಕರೆ ಸೇರಿಸಿ ತಿನ್ನಬಾರದು. ಅರ್ಧ ತುಂಡು ಪುಟ್ಟಿಗೆ ಒಂದು ಬಟ್ಟಲು ಕಡಲೆ ಎಂದು ಲೆಕ್ಕವಿಡಿ.

4. ಇಡ್ಲಿ, ಸಜ್ಜಿಗೆ: ಎರಡು ಸಣ್ಣ ಇಡ್ಲಿಗೆ ಬೇಳೆ, ನುಗ್ಗೆಕಾಯಿ ಧಾರಾಳ ಹಾಕಿದ ಸಾಂಬಾರು. ಸಜ್ಜಿಗೆಯಾದರೆ ರವೆಯಷ್ಟೇ ತರಕಾರಿ ಹಾಕಿ.

5. ರಾಗಿ: "ರಾಗಿ ಎಷ್ಟು ತಿಂದರೂ ಆಗುತ್ತದೆ" ಎಂಬುದು ತಪ್ಪು ತಿಳುವಳಿಕೆ. ರಾಗಿಯಲ್ಲೂ ಹಿಟ್ಟಿನ ಅಂಶವಿದೆ. ಬೆಲ್ಲ ಹಾಕಿದ ತೆಳು ರಾಗಿಗಂಜಿ ಬೇಗ ಸಕ್ಕರೆ ಏರಿಸುತ್ತದೆ. ರಾಗಿರೊಟ್ಟಿಗೆ ಸೊಪ್ಪು ಸೇರಿಸಿ ಒಂದು ತಿನ್ನಬಹುದು.

ಚಾ, ಕಾಪಿಗೆ ಸಕ್ಕರೆ ಬೇಡ. ಬೆಲ್ಲ, ಜೇನು ಕೂಡ ಸಕ್ಕರೆಯೇ. ಹಣ್ಣಿನ ರಸದ ಬದಲು ಇಡೀ ಹಣ್ಣು ಒಳ್ಳೆಯದು, ಅದೂ ಬೆಳಗ್ಗೆ ಬೇಡ, ನಡುಹೊತ್ತಿನಲ್ಲಿ ಒಂದು ಪೇರಳೆ ಸಾಕು. ಹತ್ತು ಗಂಟೆಗೆ ಹಸಿವಾದರೆ ಒಂದು ಹಿಡಿ ಬೇಯಿಸಿದ ಕಡಲೆ ಅಥವಾ ನೆಲಗಡಲೆ ತಿಂದು ಮಜ್ಜಿಗೆ ಕುಡಿಯಿರಿ.

ಈ ಅಳತೆ ಆರಂಭಕ್ಕೆ ಮಾತ್ರ. ಡಾಕ್ಟರರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ.

ನೋಡಿ ತಿಳಿಯಿರಿ

ಒಂದೇ ತಿಂಡಿ ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ತಿನ್ನಲು ಶುರುಮಾಡಿದ 2 ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿ, ತಿಂದದ್ದನ್ನೂ ಅಂಕೆಯನ್ನೂ ಪುಸ್ತಕದಲ್ಲಿ ಬರೆದಿಡಿ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, 2 ಗಂಟೆಯ ಬಳಿಕ 120ಕ್ಕಿಂತ ಕಡಿಮೆ ಇರಬೇಕು. ತಿಂಡಿಯ ನಂತರ ಅಂಗಳದಲ್ಲಿ ಹದಿನೈದು ನಿಮಿಷ ಮೆಲ್ಲನೆ ನಡೆದರೂ ಸಹಾಯವಾಗುತ್ತದೆ. ನಡೆಯಬಾರದೆಂದು ಡಾಕ್ಟರರು ಹೇಳಿದವರು ಮಾತ್ರ ಬೇಡ.

2 ವಾರ ಪಥ್ಯ ಮಾಡಿದರೂ ಸಕ್ಕರೆ ಇಳಿಯದಿದ್ದರೆ ಡಾಕ್ಟರರು ಔಷಧ ಅಥವಾ ಇನ್ಸುಲಿನ್ ಕೊಡುತ್ತಾರೆ. ಅದು ನಿಮ್ಮ ತಪ್ಪಿಗೆ ಶಿಕ್ಷೆಯಲ್ಲ. ಸೂಜಿಯಲ್ಲಿ ಕೊಡುವ ಇನ್ಸುಲಿನ್ನಿನಿಂದ ಮಗುವಿಗೆ ಕೇಡಿಲ್ಲ. ಆದರೆ ಇನ್ಸುಲಿನ್ ತೆಗೆದುಕೊಂಡು ತಿಂಡಿ ತಪ್ಪಿಸಿದರೆ ಅಪಾಯ. ಬೆವರು, ನಡುಕ, ತಲೆತಿರುಗು ಬಂದರೆ ಕೂಡಲೇ ಮೂರು ಚಮಚ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು ಕುಳಿತುಕೊಳ್ಳಿ. ಸುಧಾರಿಸಿದ ಮೇಲೆ ತಿಂಡಿ ತಿನ್ನಿ. ಸುಧಾರಿಸದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆದಿತ್ಯವಾರ ಬೆಳಗ್ಗಿನ ಪೂಜೆಗೆ ಹೊಟ್ಟೆ ಖಾಲಿ ಬಿಟ್ಟು ಬರುವ ಹಳೆಯ ಅಭ್ಯಾಸ ಕೆಲವರಲ್ಲಿ ಇನ್ನೂ ಇದೆ. ಪರಮಪ್ರಸಾದ ಸ್ವೀಕಾರಕ್ಕೆ ಮುಂಚೆ 1 ಗಂಟೆಯ ಉಪವಾಸ ಸಾಕೆಂದು ಧರ್ಮಸಭೆ 1964ರಲ್ಲೇ ತಿಳಿಸಿದೆ. ಅಸ್ವಸ್ಥರಿಗೆ ಆ ಒಂದು ಗಂಟೆಯ ಕಟ್ಟೂ ಇಲ್ಲ. ತಿಂದೇ ಬನ್ನಿ, ತಿಂದುದಕ್ಕಾಗಿ ಮನಸ್ಸಿನಲ್ಲಿ ಅಳುಕಬೇಡಿ.

ಮನೆಯವರಿಗೆ ಒಂದು ಮಾತು

ಸೊಸೆಗೆ ಬೇರೆ ಪಾತ್ರೆಯಲ್ಲಿ ಪಥ್ಯ ಮಾಡಿಟ್ಟರೆ ಅವಳು ಒಂಟಿಯಾಗುತ್ತಾಳೆ. ಮನೆಮಂದಿಯೆಲ್ಲ ಕಾಳು, ಸೊಪ್ಪು ಹೆಚ್ಚು ತಿಂದರೆ ಎಲ್ಲರಿಗೂ ಒಳ್ಳೆಯದೇ. ಗದ್ದೆ ಕೊಯ್ಲಾದ ಮೇಲೆ ಉಳಿದ ತೇವದಲ್ಲಿ ಹೆಸರು, ಅಲಸಂಡೆ ಬಿತ್ತಿ. ಬಚ್ಚಲ ನೀರು ಹರಿಯುವಲ್ಲಿ ಬಸಳೆ, ಹರಿವೆ ಬೆಳೆಸಿ. ನಾಲ್ಕು ಊರಕೋಳಿ ಸಾಕಿ. ಗರ್ಭಿಣಿಯ ಬೆಳಗ್ಗಿನ ತಿಂಡಿಯ ಮುಕ್ಕಾಲು ಪಾಲು ಅಂಗಳದಿಂದಲೇ ಬರುತ್ತದೆ.

ಹೆರಿಗೆಯಾಗಿ 6 ವಾರಕ್ಕೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಮರೆಯಬೇಡಿ. ಬಾಣಂತನದ ಗಡಿಬಿಡಿಯಲ್ಲಿ ಇದು ತಪ್ಪಿಹೋಗುವುದೇ ಹೆಚ್ಚು. ಹೀಗೆ ಒಮ್ಮೆ ಸಕ್ಕರೆ ಕಂಡ ತಾಯಿಗೆ ಮುಂದೆ ಶಾಶ್ವತವಾಗಿ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಈಗ ಕಲಿತ ಬೆಳಗ್ಗಿನ ಕ್ರಮವನ್ನು ಆಮೇಲೆಯೂ ಬಿಡದಿದ್ದರೆ ಅದನ್ನು ದೂರವಿಡಲು ಸಹಾಯವಾಗುತ್ತದೆ.