ಸ್ಟೀರಿಯೋ ಯಂತ್ರದಲ್ಲಿ ಮೋನೋ ತಟ್ಟೆ

ಕಳೆದ ಬೇಸಗೆಯ ರಜೆಯಲ್ಲಿ ಬೇಡಕಿಹಾಳದ ನಮ್ಮ ಮನೆಯಲ್ಲಿ ಒಂದು ವಾದ ಹುಟ್ಟಿತು. ಒಂದು ಪಕ್ಷದಲ್ಲಿ ನನ್ನ ತಾಯಿಯ ತಂದೆ, ಇನ್ನೊಂದು ಪಕ್ಷದಲ್ಲಿ ನಾನು. ಅಜ್ಜನ ಬಳಿ ಇಪ್ಪತ್ತೆರಡು ಅರಗಿನ ಗ್ರಾಮಫೋನ್ ತಟ್ಟೆಗಳಿದ್ದವು. ನಿಮಿಷಕ್ಕೆ 78 ಸುತ್ತು ತಿರುಗುವ, ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು ಹಿಡಿಯುವ ತಟ್ಟೆಗಳು. ಕೀಲಿ ಕೊಟ್ಟು ನುಡಿಸುವ ಅವನ ಪೆಟ್ಟಿಗೆ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿರುವ ಸೋದರಮಾವ ಯಾರೋ ಮಾರಿದ ಸ್ಟೀರಿಯೋ ಸೆಟ್ಟನ್ನು, ತಟ್ಟೆ ತಿರುಗಿಸುವ ಯಂತ್ರ ಸಹಿತ, ನಮಗೆ ತಂದುಕೊಟ್ಟನು. ನಾನು ಹುರುಪಿನಿಂದ ಜೋಡಿಸಿ, ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಇಟ್ಟೆನು. ಅಜ್ಜ ಸ್ವಲ್ಪ ಹೊತ್ತು ಕೇಳಿ, "ಇದರಾಗ ಖಾನಸಾಹೇಬರು ಹಾಡೂದಕ್ಕಿಂತ ಗಾಳಿ ಬೀಸೂದ ಹೆಚ್ಚಾಗೇತಿ. ನನ್ನ ಪೆಟಗ್ಯಾಗ ಹಿಂಗಿರಲಿಲ್ಲ" ಎಂದನು. ತಟ್ಟೆಗಳು ಸವೆದುಹೋಗಿವೆ, ಮುಂದಿನ ವಾರ ಹಳೆಯ ಸಾಮಾನು ಕೊಳ್ಳುವವನಿಗೆ ಕೊಟ್ಟುಬಿಡುವುದು ಲೇಸು ಎಂಬುದು ಅವನ ತೀರ್ಮಾನ. ತಪ್ಪು ತಟ್ಟೆಯದಲ್ಲ ಎಂಬುದು ನನ್ನ ವಾದ. ಆದರೆ ಅದನ್ನು ತೋರಿಸಿಕೊಡಲು ನನಗೆ ಬರುತ್ತಿರಲಿಲ್ಲ. ಆ ಒಂದು ವಾರದ ಗಡುವಿನಲ್ಲಿ ಕಲಿತುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ನಮ್ಮ ಕಡೆಯವರಿಗೆ ಇದು ಕೇವಲ ಯಂತ್ರದ ವಿಷಯವಲ್ಲ. ಖಾನಸಾಹೇಬರು ಬಾಳಿದ ಮಿರಜ ನಮಗೆ ದೂರದ ಊರಲ್ಲ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯೇ ಇದೆ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಖಾನಸಾಹೇಬರ ಠುಮರಿಯ ತಟ್ಟೆಯೊಂದನ್ನು ಕೇಳಿಯೇ ಸಂಗೀತದ ಹುಚ್ಚು ಹಿಡಿದು ಗುರುವನ್ನರಸಿ ಮನೆ ಬಿಟ್ಟರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ತರುಣ ಕಂಠಗಳು ಉಳಿದಿರುವುದೂ ಇಂಥ ತಟ್ಟೆಗಳಲ್ಲಿಯೇ. ಇವೆಲ್ಲವೂ ಮೋನೋ, ಅಂದರೆ ಒಂದೇ ಧಾರೆಯ ಧ್ವನಿ.

ಈಗ ತಟ್ಟೆಯ ಗೀರಿನೊಳಕ್ಕೆ ಇಳಿಯೋಣ. 1887ರಲ್ಲಿ ಬರ್ಲಿನರನು ರೂಪಿಸಿದ ತಟ್ಟೆಯಲ್ಲಿ ಗೀರು ಎಡಕ್ಕೆ ಬಲಕ್ಕೆ ಮಾತ್ರ ಬಳುಕುತ್ತದೆ. ಹಾವು ಹರಿದ ಜಾಡಿನಂತೆ. ಅದರ ಆಳ ಬದಲಾಗುವುದಿಲ್ಲ. ಎರಡು ಧಾರೆಗಳನ್ನು ಒಂದೇ ಗೀರಿನಲ್ಲಿ ಅಡಗಿಸುವ ಉಪಾಯಕ್ಕೆ 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನನು ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಅಂಥ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಸ್ಟೀರಿಯೋ ಗೀರಿನ ಎರಡು ಗೋಡೆಗಳು 45 ಅಂಶದ ಇಳಿಜಾರಿನಲ್ಲಿರುತ್ತವೆ. ಒಳಗೋಡೆ ಎಡಧಾರೆಯದು, ಹೊರಗೋಡೆ ಬಲಧಾರೆಯದು. ಆದ್ದರಿಂದ ಸ್ಟೀರಿಯೋ ಸೂಜಿಯು ಅಡ್ಡಡ್ಡವಾಗಿ ಮಾತ್ರವಲ್ಲದೆ ಮೇಲೆ ಕೆಳಗೆ ಆಡುವುದನ್ನೂ ಧ್ವನಿಯಾಗಿ ಮಾರ್ಪಡಿಸುತ್ತದೆ.

ಗುಟ್ಟು ಇರುವುದು ಇಲ್ಲಿಯೇ. ಮೋನೋ ತಟ್ಟೆಯಲ್ಲಿ ಮೇಲೆ ಕೆಳಗಿನ ಚಲನೆಯಲ್ಲಿ ಸಂಗೀತವೆಂಬುದು ಲವಲೇಶವೂ ಇಲ್ಲ. ಇರುವುದೆಲ್ಲ ಧೂಳು, ತಟ್ಟೆಯ ಸೊಟ್ಟ, ಗೀರಿನ ತಳದ ಒರಟುತನ. ಅಜ್ಜನ ಪೆಟ್ಟಿಗೆಯ ಉಕ್ಕಿನ ಸೂಜಿ ಅಡ್ಡ ಚಲನೆಯನ್ನಷ್ಟೇ ತಗಡಿನ ಪೊರೆಗೆ ಮುಟ್ಟಿಸುತ್ತಿತ್ತು. ಮೇಲೆ ಕೆಳಗಿನ ಗದ್ದಲ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಅದರ ತುತ್ತೂರಿ ತೀರ ಏರುದನಿಯ ಸುಂಯ್ ಶಬ್ದವನ್ನೂ ನುಂಗಿಬಿಡುತ್ತಿತ್ತು. ನಮ್ಮ ಹೊಸ ಯಂತ್ರವಾದರೋ ಎಲ್ಲವನ್ನೂ ಕೇಳಿ, ಖಾನಸಾಹೇಬರನ್ನು ನಡುವೆ ನಿಲ್ಲಿಸಿ, ಗದ್ದಲವನ್ನು ಎರಡೂ ಪೆಟ್ಟಿಗೆಗಳ ನಡುವೆ ಅಂಗಳದ ತುಂಬ ಹರಡುತ್ತಿತ್ತು. ಅಜ್ಜನ ಕಿವಿ ಸರಿಯಾಗಿಯೇ ಇತ್ತು!

ಮದ್ದು ಸುಲಭವಾದುದು: ಎಡ, ಬಲ ಧಾರೆಗಳನ್ನು ಕೂಡಿಸುವುದು. ಹಾಡು ಎರಡರಲ್ಲಿಯೂ ಒಂದೇ ಆದ್ದರಿಂದ ಇಮ್ಮಡಿಯಾಗುತ್ತದೆ. ಮೇಲೆ ಕೆಳಗಿನ ಚಲನೆ ಒಂದು ಧಾರೆಯಲ್ಲಿ ಧನವಾದರೆ ಇನ್ನೊಂದರಲ್ಲಿ ಋಣ, ಕೂಡಿಸಿದರೆ ಸೊನ್ನೆ. ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಚಟಪಟಗಳು ಮಾತ್ರ ಪೂರ್ತಿ ಅಳಿಯವು. ಆದರೂ ಅವು ಇಮ್ಮಡಿಯಾಗದೆ ಸುಮಾರು 1.4 ಪಟ್ಟು ಮಾತ್ರ ಬೆಳೆಯುವುದರಿಂದ ಹಾಡಿಗೆ 3 ಡೆಸಿಬೆಲ್‌ಗಳಷ್ಟು ಲಾಭ. ಸಂತೆಯ ಗದ್ದಲದಲ್ಲಿ ಇಬ್ಬರು ಒಂದೇ ಮಾತನ್ನು ಒಂದೇ ಗಳಿಗೆಗೆ ಕೂಗಿದರೆ ಅದು ಎದ್ದು ಕೇಳಿಸುವಂತೆ.

ಕೂಡಿಸುವುದು ಹೇಗೆ? ಧ್ವನಿವರ್ಧಕದ ಮೇಲೆ 'ಮೋನೋ' ಎಂಬ ಗುಂಡಿಯಿದ್ದರೆ ಅದನ್ನು ಒತ್ತಿದರೆ ಮುಗಿಯಿತು. ನಮ್ಮದರಲ್ಲಿ ಇರಲಿಲ್ಲ. ಆಗ ಕವಲು ತಂತಿಗಳೆರಡು ಬೇಕು. ತಿರುಗುಯಂತ್ರದಿಂದ ಬರುವ ಎರಡು ತಂತಿಗಳನ್ನು ಮೊದಲನೆಯ ಕವಲು ಒಂದು ಮಾಡುತ್ತದೆ. ಎರಡನೆಯದು ಆ ಒಂದನ್ನೇ ಮತ್ತೆ ಎರಡಾಗಿ ಸೀಳಿ ವರ್ಧಕದ ಎಡಬಲಗಳಿಗೆ ಒಯ್ಯುತ್ತದೆ. ಸಾಮಾನ್ಯ ಅಯಸ್ಕಾಂತದ ಕಾರ್ಟ್ರಿಜ್ ಕೇವಲ ತಂತಿಸುರುಳಿಯಾದುದರಿಂದ ಇದರಿಂದ ಅದಕ್ಕೇನೂ ಅಪಾಯವಿಲ್ಲ. ಆದರೆ ತಿರುಗುಯಂತ್ರದೊಳಗೇ ವರ್ಧಕವಿದ್ದರೆ ಅದರ ಎರಡು ಹೊರದಾರಿಗಳನ್ನು ನೇರವಾಗಿ ಬೆಸೆಯಬಾರದು. ಒಂದೊಂದಕ್ಕೂ ಸುಮಾರು 1,000 ಓಮಿನ ರೋಧಕವನ್ನು ಸೇರಿಸಿ ಆಮೇಲೆ ಕೂಡಿಸಬೇಕು. ಸ್ಪೀಕರಿಗೆ ಹೋಗುವ ತಂತಿಗಳನ್ನಂತೂ ಎಂದಿಗೂ ಒಂದಕ್ಕೊಂದು ಜೋಡಿಸಬಾರದು, ವರ್ಧಕ ಸುಟ್ಟುಹೋದೀತು. ಕಲೆಯ ವಿದ್ಯಾರ್ಥಿಗೆ ಇಷ್ಟೆಲ್ಲ ಏಕೆಂದು ವಿಜ್ಞಾನದ ಗೆಳೆಯರು ನಕ್ಕಾರು, ನಗಲಿ.

ನಿಪ್ಪಾಣಿಯಿಂದ ಕವಲು ತಂತಿಗಳನ್ನು ತಂದು ಜೋಡಿಸಿ ಅಜ್ಜನನ್ನು ಕೂಗಿದೆನು. ಸೂಜಿ ಇಳಿಸಿದೆನು. ಖಾನಸಾಹೇಬರೇ ಮಾಯ! ಚಟಪಟವೆಂಬ ಸದ್ದು, ಅದರ ಹಿಂದೆ ಎಲ್ಲಿಯೋ ಬಾವಿಯಲ್ಲಿ ಹಾಡಿದಂಥ ಕ್ಷೀಣವಾದ ದನಿ. ಅಜ್ಜ ಏನೂ ಅನ್ನದೆ ಎದ್ದು ಹೋದನು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತಪ್ಪು ನನ್ನದೇ. ಕಾರ್ಟ್ರಿಜ್ಜಿನ ಹಿಂದೆ ನಾಲ್ಕು ಸೂಕ್ಷ್ಮ ತಂತಿಗಳಿರುತ್ತವೆ: ಎಡಧಾರೆಗೆ ಬಿಳಿ ಮತ್ತು ನೀಲಿ, ಬಲಧಾರೆಗೆ ಕೆಂಪು ಮತ್ತು ಹಸಿರು. ಮೊದಲ ದಿನ ಒರೆಸುವಾಗ ಬಿಚ್ಚಿದ್ದ ಕೆಂಪು ಹಸಿರುಗಳನ್ನು ನಾನು ಅದಲುಬದಲಾಗಿ ಸಿಕ್ಕಿಸಿದ್ದೆನು. ಎರಡು ಸ್ಪೀಕರುಗಳಲ್ಲಿ ಬೇರೆ ಬೇರೆಯಾಗಿ ಕೇಳುವಾಗ ಇದು ಗೊತ್ತೇ ಆಗಿರಲಿಲ್ಲ. ಕೂಡಿಸಿದೊಡನೆ, ಕೂಡಬೇಕಾದ ಹಾಡು ಕಳೆದುಹೋಗಿ, ಕಳೆಯಬೇಕಾದ ಗದ್ದಲ ಕೂಡಿಕೊಂಡಿತ್ತು. ಈ ತಪ್ಪಿಗೂ ಒಂದು ಉಪಯೋಗವಿದೆ. ಎಡಿಸನ್ ಮತ್ತು ಪಾಥೆ ಕಂಪನಿಗಳ ಹಳೆಯ ತಟ್ಟೆಗಳಲ್ಲಿ ಗೀರು ಗುಡ್ಡ ಕಣಿವೆಯಂತೆ ಮೇಲೆ ಕೆಳಗೆ ಕೊರೆದಿರುತ್ತಿತ್ತು. ಅವಕ್ಕೆ ಬೇಕಾದುದು ಇದೇ ತಿರುಗುಮುರುಗಾದ ಜೋಡಣೆ.

ಸೂಜಿಯ ಗಾತ್ರವೂ ಮುಖ್ಯ. 78ರ ತಟ್ಟೆಗೆ ತುದಿಯ ದುಂಡುತನ ಸುಮಾರು 75 ಮೈಕ್ರಾನ್ ಇರಬೇಕು, ಮೋನೋ ಎಲ್.ಪಿ.ಗೆ 25, ಸ್ಟೀರಿಯೋಗೆ 18. ಸಣ್ಣ ಸೂಜಿ 78ರ ಗೀರಿನ ತಳಕ್ಕೆ ಬಿದ್ದು ಕಸದಲ್ಲಿ ಹೊರಳಾಡುತ್ತದೆ. ನಾನು ಮೊದಲು ಹಾಕಿದ್ದುದು ಅಂಥದೇ. ತಕ್ಕ ಸೂಜಿಯನ್ನು ಕೊಲ್ಲಾಪುರದಿಂದ ತರಿಸಿದ ಮೇಲೆ ಅರ್ಧ ಗಾಳಿ ಅಷ್ಟಕ್ಕೇ ನಿಂತಿತು. ಎಲ್.ಪಿ.ಗಳಲ್ಲಿ ಮೋನೋ ಯಾವುದು ಸ್ಟೀರಿಯೋ ಯಾವುದು ಎಂದು ಕೇಳುವವರಿಗೆ ಒಂದು ಗುರುತು: ಎಚ್.ಎಂ.ವಿ.ಯ ಭಾರತೀಯ ಮುದ್ರಣಗಳಲ್ಲಿ ಸಂಖ್ಯೆಯ ಮುಂದೆ ಇ.ಎ.ಎಲ್.ಪಿ. ಅಥವಾ ಇ.ಸಿ.ಎಲ್.ಪಿ. ಎಂದಿದ್ದರೆ ಮೋನೋ, ಇ.ಎ.ಎಸ್.ಡಿ., ಇ.ಸಿ.ಎಸ್.ಡಿ. ಎಂದಿದ್ದರೆ ಸ್ಟೀರಿಯೋ.

ಎಲ್ಲ ತಟ್ಟೆಗಳಿಗೂ ಕೂಡಿಸುವುದೇ ಮದ್ದೆಂದು ತಿಳಿಯಬಾರದು. ಉಕ್ಕಿನ ಸೂಜಿ ಒಂದು ಗೋಡೆಯನ್ನು ಹೆಚ್ಚು ಕೆರೆದಿದ್ದರೆ, ಕೂಡಿಸಿದಾಗ ಕೆಟ್ಟ ಗೋಡೆಯ ಕರಕರ ಒಳ್ಳೆಯದಕ್ಕೂ ಹತ್ತುತ್ತದೆ. ಆಗ ಒಳ್ಳೆಯ ಗೋಡೆಯ ಧಾರೆಯೊಂದನ್ನೇ ಎರಡೂ ಕಡೆಗೆ ಕೊಡುವುದು ಮೇಲು. ಆದ್ದರಿಂದ ಕಂಪ್ಯೂಟರಿಗೆ ಇಳಿಸಿಡುವವರು ಮೊದಲು ಎರಡು ಧಾರೆಗಳನ್ನೂ ಇದ್ದಂತೆಯೇ ಇಳಿಸಿಕೊಳ್ಳಬೇಕು. ಕೂಡಿಸುವುದೋ ಒಂದನ್ನು ಆರಿಸುವುದೋ ಆಮೇಲಿನ ಮಾತು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಸಾಧ್ಯ. ಅಜ್ಜನ ಇಪ್ಪತ್ತೆರಡರಲ್ಲಿ ಐದು ತಟ್ಟೆಗಳು ಹೀಗೆ ಒಂದೇ ಗೋಡೆಯಿಂದ ಬದುಕಿಕೊಂಡವು. ಮೂರು ಬಿರುಕು ಬಿಟ್ಟಿದ್ದವು, ಅವುಗಳ ಮೇಲೆ ಸೂಜಿಯಿಡುವ ಧೈರ್ಯ ನನಗಾಗಲಿಲ್ಲ.

ತಂತಿಗಳನ್ನು ಸರಿಪಡಿಸಿದ ಮರುದಿನ, ಸಾಮಾನು ಕೊಳ್ಳುವವನು ಬರುವ ಮುನ್ನಾದಿನ, ಕರೆಯದೆ ಸುಮ್ಮನೆ ತಟ್ಟೆಯಿಟ್ಟೆನು. ಅಜ್ಜ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದನು. ಗಾಳಿ ಪೂರ್ತಿ ನಿಂತಿರಲಿಲ್ಲ, ಆದರೆ ದೂರ ಸರಿದಿತ್ತು. ಖಾನಸಾಹೇಬರು ಒಂದು ಸ್ವರದಲ್ಲಿ ನಿಂತು ಉಸಿರೆಳೆದುಕೊಂಡದ್ದು ಕೇಳಿಸಿತು. ಶೇಂಗಾ ಸುಲಿಯುವ ಸದ್ದು ನಿಂತಿತು. ಮೂರು ನಿಮಿಷ ಮುಗಿದು ಸೂಜಿ ಒಳಸುತ್ತಿನಲ್ಲಿ ತಿರುಗತೊಡಗಿದಾಗ ಅವನು ಅಲ್ಲಿಂದಲೇ, "ಆ ಮಗ್ಗಲಾ ಹಾಕು" ಎಂದನು.