ಗೋಡೆ ಕಟ್ಟುವ ಮೊದಲು ಮಣ್ಣಿನ ಪರೀಕ್ಷೆ

ಸ್ವಂತ ಜಮೀನಿನ ಮಣ್ಣಿನಿಂದ ಮನೆ ಕಟ್ಟಿಕೊಳ್ಳಬಯಸುವ ರೈತರು ಮೊದಲು ಆ ಮಣ್ಣಿನ ಗುಣವನ್ನು ತಿಳಿಯಬೇಕು. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಗೋಡೆ ಬಿರಿಯುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದರೆ ಮಲಗಿದವರ ಮೇಲೆಯೇ ಗೋಡೆ ಕುಸಿಯಬಹುದು. ಮರಳು ಮಿಶ್ರಿತ ಕೆಂಪು ಮಣ್ಣು ಈ ಕೆಲಸಕ್ಕೆ ಉತ್ತಮ.

ಪರೀಕ್ಷೆ ಸುಲಭ. ಬೇರು, ಕಸಕಡ್ಡಿ ಇರುವ ಮೇಲ್ಮಣ್ಣನ್ನು ತೆಗೆದು ಹೊಲಕ್ಕೇ ಹರಡಬೇಕು. ಅದು ಬೆಳೆಯ ಪಾಲು. ಕೆಳಗಿನ ಮಣ್ಣನ್ನು ಪುಡಿಮಾಡಿ ಗಾಜಿನ ಬಾಟಲಿಯ ಮೂರನೇ ಒಂದು ಭಾಗದಷ್ಟು ತುಂಬಿ, ನೀರು ಮತ್ತು ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಬೇಕು. ತಳದಲ್ಲಿ ಮರಳು, ನಡುವೆ ರೇವೆ, ಮೇಲೆ ಜೇಡಿ ನಿಲ್ಲುತ್ತವೆ. ಮರಳು ಅರ್ಧಕ್ಕಿಂತ ಕಡಿಮೆಯಿದ್ದರೆ ಬೇರೆ ಮರಳನ್ನು ಬೆರೆಸಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಇಂತಹ ಮಣ್ಣಿಗೆ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳ ಬಗ್ಗೆ ಸಂಶೋಧನೆ ನಡೆಸಿತು. ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ 6ರಿಂದ 8 ಭಾಗ ಸಿಮೆಂಟ್ ಸಾಕು. ಒತ್ತಿದ ಇಟ್ಟಿಗೆಗಳನ್ನು ನೆರಳಿನಲ್ಲಿ ಜೋಡಿಸಿ, ಮೂರು ವಾರ ನೀರು ಚಿಮುಕಿಸಿ ತೇವವಾಗಿಡಬೇಕು. ಇವನ್ನು ಸುಡಬೇಕಾಗಿಲ್ಲವಾದ್ದರಿಂದ ಸೌದೆ ಉಳಿಯುತ್ತದೆ.

ನೆಲಮಟ್ಟದಿಂದ ಒಂದೂವರೆ ಅಡಿಯವರೆಗೆ ಕಲ್ಲಿನ ಕಟ್ಟಡ ಮಾಡಿ, ಸೂರನ್ನು ಮುಂದಕ್ಕೆ ಚಾಚಿದರೆ ಗೋಡೆಗೆ ಮಳೆಯ ಬಾಧೆ ತಗ್ಗುತ್ತದೆ.